ಬೀಚ್ ಫೋರ್ಕಿನವರ ಗಡಿಯಾರ

ಹಾರ್ಲೋ ಕೌಂಟಿಯೆಂಬ ಜಿಲ್ಲೆಯಲ್ಲಿ ಹೊತ್ತು ಎರಡು ಬಗೆ. ಕಚೇರಿ, ಶಾಲೆ, ಬ್ಯಾಂಕು ನಡೆಯುವುದು ಬೇಗದ ಹೊತ್ತಿನಲ್ಲಿ. ಪಶ್ಚಿಮದ ಅಂಚಿನ ಹಳ್ಳಿ ಬೀಚ್ ಫೋರ್ಕಿನವರು ದುಡಿಯುವುದು ಕೌಂಟಿಯ ಗಡಿಯಾಚೆಯ ಕುರ್ಚಿ ಕಾರ್ಖಾನೆಯಲ್ಲಿ. ಅಲ್ಲಿಯದು ಒಂದು ಗಂಟೆ ಹಿಂದಿರುವ ನಿಧಾನದ ಹೊತ್ತು. ಹಾಗಾಗಿ ಅವರ ಅಡುಗೆಮನೆಯ ಗಡಿಯಾರಗಳೂ ನಿಧಾನದವೇ. ಕಚೇರಿಯಲ್ಲಿ ಆರು ಹೊಡೆದಾಗ ಬೀಚ್ ಫೋರ್ಕಿನಲ್ಲಿ ಐದು. ಹೊರಗಿನಿಂದ ಬಂದವರಿಗೆ ತಲೆ ಕೆಡುತ್ತದೆ, ಇಲ್ಲಿಯವರು ಯೋಚಿಸುವುದೂ ಇಲ್ಲ.

ವರ್ಲೀನ್ ಸ್ಟ್ರೌಡ್ ಇದೇ ಬೀಚ್ ಫೋರ್ಕಿನವಳು. ಇಪ್ಪತ್ತೆರಡು ವರ್ಷ ಶಾಲಾ ಬಸ್ಸು ಓಡಿಸಿದವಳು. ಕೌಂಟಿಯ ಖರ್ಚಿಗೆಲ್ಲ ಕೈಯೆತ್ತಿ ಒಪ್ಪಿಗೆ ಕೊಡುವ ಏಳು ಜನರ ಕೌನ್ಸಿಲ್ಲಿಗೆ ಈ ಸಲ ಅವಳು ನಿಂತಿದ್ದಳು. ಕಾರಣ ಒಂದೇ. ಬೀಚ್ ಫೋರ್ಕಿನ ಆಂಬುಲೆನ್ಸನ್ನು ತೆಗೆದುಬಿಡಬೇಕೆಂದು ಕೌನ್ಸಿಲ್ಲಿನಲ್ಲಿ ಮಾತು ನಡೆದಿತ್ತು, ಮಾತೆತ್ತಿದವನು ಅವಳು ನಿಂತ ಅದೇ ಕುರ್ಚಿಯಲ್ಲಿ ಹನ್ನೆರಡು ವರ್ಷದಿಂದ ಕೂತಿದ್ದ ಡ್ವೈಟ್ ಕೆಸಿಂಗರ್. ಎರಡು ವರ್ಷದ ಹಿಂದೆ ವರ್ಲೀನಳ ಗಂಡ ಆರಿನ್ ಎದೆ ಹಿಡಿದುಕೊಂಡು ಕೊಟ್ಟಿಗೆಯಲ್ಲಿ ಬಿದ್ದಾಗ ಆ ಗಾಡಿ ಒಂಬತ್ತೇ ನಿಮಿಷದಲ್ಲಿ ಬಂದಿತ್ತು. ಪೇಟೆಯಿಂದ ಬರಬೇಕಾಗಿದ್ದರೆ ಮೂವತ್ತೈದು ನಿಮಿಷ. ಆರಿನ್ ಇವತ್ತಿಗೂ ಕೂತು ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಗೊಣಗುತ್ತಾನೆ. ಆ ಗೊಣಗಾಟ ಕೇಳುವಾಗಲೆಲ್ಲ ವರ್ಲೀನಳಿಗೆ ಡ್ವೈಟನ ಮೇಲೆ ಮೈ ಉರಿಯುತ್ತಿತ್ತು.

ಅಭ್ಯರ್ಥಿಗಳ ಸಭೆಯಲ್ಲಿ ಡ್ವೈಟ್ ನಗುನಗುತ್ತಲೇ ಚುಚ್ಚಿದ್ದ, ಬಸ್ಸು ಓಡಿಸುವುದೂ ಕೌಂಟಿ ನಡೆಸುವುದೂ ಒಂದೇ ಅಲ್ಲ ಎಂದು. ಜನ ನಕ್ಕಿದ್ದರು. ಅವಳೂ ಹಲ್ಲು ಕಚ್ಚಿಕೊಂಡು ನಕ್ಕಿದ್ದಳು.

ಮೇ ತಿಂಗಳ ಆ ಮಂಗಳವಾರ ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸುವ ಒಳಚುನಾವಣೆ. ಅದರಲ್ಲಿ ಗೆದ್ದವರಿಗೆ ನವೆಂಬರಿನಲ್ಲಿ ಎದುರಾಳಿಯೇ ಇರುವುದಿಲ್ಲ, ಆದ್ದರಿಂದ ಅಸಲಿ ಹಣಾಹಣಿ ಅವತ್ತೇ. ಬೆಳಗಿನಿಂದ ಪೇಟೆಯ ಮೇಳದ ಮೈದಾನದಲ್ಲಿ, ಮತಗಟ್ಟೆಯ ಪ್ರಚಾರ ನಿಷೇಧದ ಗೆರೆಯಾಚೆ ನಿಂತು ಕೈಬೀಸಿದ ವರ್ಲೀನ್, ವಯಸ್ಸಾದವರನ್ನು ಕರೆತರೋಣವೆಂದು ಮಧ್ಯಾಹ್ನ ಬೀಚ್ ಫೋರ್ಕಿಗೆ ಬಂದಳು. ಆಲ್ಥಿಯಾಳ ಹೋಟೆಲಿನ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಆಲ್ಥಿಯಾ ಕರಿದ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ಮುಂದಿಟ್ಟು, ಈ ಸಲ ಒಂದು ಗಂಟೆ ಹೆಚ್ಚು ಕೊಟ್ಟಿದ್ದು ಒಳ್ಳೆಯದಾಯಿತು, ಎಲ್ಲರೂ ಊಟ ಮುಗಿಸಿಯೇ ಹೊರಡುತ್ತಾರೆ ಅಂದಳು.

"ಯಾವ ಒಂದು ಗಂಟೆ?"

"ನಿನ್ನ ಕಾರ್ಡಿನಲ್ಲೇ ಇದೆಯಲ್ಲೇ, ಆರರವರೆಗೆ ಅಂತ. ಮೊದಲೆಲ್ಲ ಐದಕ್ಕೇ ಬಾಗಿಲು ಹಾಕ್ತಿದ್ರು."

ವರ್ಲೀನ್ ತನ್ನ ಪ್ರಚಾರದ ಕಾರ್ಡನ್ನು ಜೇಬಿನಿಂದ ತೆಗೆದು ನೋಡಿದಳು. ಅದನ್ನು ಅಂಚೆಯಲ್ಲಿ ಮನೆಮನೆಗೂ ಕಳಿಸಿದ್ದಳು. ಮತದಾನ ಆರರವರೆಗೆ ಎಂದು ಕಚೇರಿಯ ಪ್ರಕಟಣೆಯಲ್ಲಿದ್ದದ್ದನ್ನು ಹಾಗೆಯೇ ಅಚ್ಚು ಹಾಕಿಸಿದ್ದಳು. ಅದು ಬೇಗದ ಹೊತ್ತಿನ ಆರು. ಶಾಲೆಯ ಗಂಟೆಗೆ ಬಸ್ಸು ಓಡಿಸಿ ಓಡಿಸಿ ಅವಳ ತಲೆಯೂ ಬೇಗದ ಹೊತ್ತಿಗೇ ತಿರುಗುತ್ತಿತ್ತು, ಅದನ್ನು ಐದೆಂದು ಬದಲಿಸಬೇಕೆಂದು ಹೊಳೆದಿರಲಿಲ್ಲ. ಮತಗಟ್ಟೆಯನ್ನು ಈ ಸಲವಷ್ಟೇ ಪೇಟೆಗೆ ಸಾಗಿಸಿದ್ದರು. ಜಾಗ ಬದಲಾದ ಹಾಗೆ ಸಮಯವೂ ಬದಲಾಗಿರಬೇಕು, ನಮ್ಮ ವರ್ಲೀನ್ ಸುಳ್ಳು ಹೇಳುತ್ತಾಳೆಯೇ ಎಂದು ಜನ ನಂಬಿಬಿಟ್ಟಿದ್ದರು. ಅವಳ ಮಾತು ನಂಬಿದವರೆಲ್ಲ ಮುಚ್ಚಿದ ಬಾಗಿಲಿಗೆ ಬಂದು ನಿಲ್ಲುವವರಿದ್ದರು.

ಒಂದು ನಿಮಿಷ ಅವಳಿಗೆ ಅಳು ಬಂತು. ಎರಡನೆಯ ನಿಮಿಷಕ್ಕೆ ತಟ್ಟೆ ಸರಿಸಿ ಎದ್ದಳು.

ಆ ಕಣಿವೆಯಲ್ಲಿ ಫೋನು ಅರ್ಧ ಹೊತ್ತು ಸಿಗುವುದಿಲ್ಲ, ಸಿಕ್ಕರೂ ಯಾರೂ ಎತ್ತುವುದಿಲ್ಲ. ಅವಳು ಮನೆಗೆ ಓಡಿ, ಕಾರ್ಖಾನೆ ಮೂರೂವರೆಗೆ ಬಿಡುತ್ತದೆ, ಗೇಟಿನಲ್ಲೇ ನಿಂತು ಒಬ್ಬೊಬ್ಬರನ್ನೂ ನೇರ ಪೇಟೆಗೆ ಅಟ್ಟು ಎಂದು ಆರಿನ್‌ಗೆ ಹೇಳಿದಳು. ಮನೆಗಳನ್ನು ತಾನು ನೋಡಿಕೊಳ್ಳುತ್ತೇನೆಂದು ಪಿಕಪ್ ಹತ್ತಿದಳು.

"ಕ್ಲೋವಿಸ್ ಮನೆ ಬಿಟ್ಬಿಡು," ಅಂದ ಆರಿನ್. "ಅಂಗಳದಲ್ಲಿ ಡ್ವೈಟನ ಬೋರ್ಡು ಹಾಕ್ಕೊಂಡು ಕೂತಿದಾನೆ. ಅವನೂ ಇಬ್ಬರು ಮಕ್ಕಳೂ, ಮೂರು ಓಟೂ ಆ ಕಡೆಗೇ."

"ಅವನ ಮನೆಗೂ ನನ್ನ ಕಾರ್ಡೇ ಹೋಗಿದೆ."

"ಅಲ್ಲ ಮಾರಾಯ್ತಿ, ಗೆಲ್ಲೋಕೆ ನಿಂತಿದೀಯೋ ಪಾಪ ತೊಳ್ಕೊಳ್ಳೋಕೋ?"

ಅವಳು ಗಾಡಿ ಹೊರಡಿಸಿದಳು.

ಬಸ್ಸಿನ ಹಾದಿಯನ್ನೇ ಹಿಡಿದಳು, ಒಂದು ನಿಲ್ದಾಣವನ್ನೂ ಬಿಡದೆ. ಬಸ್ಸಿನ ಕಾಲದಲ್ಲಿ ಹಾಕುತ್ತಿದ್ದಂತೆಯೇ ಎರಡು ಉದ್ದ ಹಾರ್ನು. ಅದೇ ಹಾರ್ನಿಗೆ ಓಡಿಬಂದು ಬಸ್ಸು ಹತ್ತುತ್ತಿದ್ದವರು ಈಗ ಮಕ್ಕಳೊಂದಿಗರಾಗಿದ್ದರು. ಆದರೂ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬಂದರು. ಪ್ರತಿ ಬಾಗಿಲಲ್ಲೂ ಅವಳದು ಒಂದೇ ಮಾತು, ಕಾರ್ಡು ತಪ್ಪು, ತಪ್ಪು ನನ್ನದು, ನಮ್ಮ ಗಡಿಯಾರದ ಐದಕ್ಕೇ ಮುಚ್ಚುತ್ತಾರೆ, ಈಗಲೇ ಹೊರಡಿ. ಮೊದಲ ಮನೆಯಲ್ಲಿ ಹೇಳುವಾಗ ನಾಚಿಕೆಯಿಂದ ನಾಲಿಗೆ ಒಣಗಿತ್ತು. ಹತ್ತನೆಯ ಮನೆಯ ಹೊತ್ತಿಗೆ ನಾಚಿಕೆಗೆ ಪುರುಸೊತ್ತಿರಲಿಲ್ಲ. ಒಬ್ಬಾಕೆ, ಒಂದು ಗಂಟೆಯನ್ನೇ ತಪ್ಪುವವಳು ಕೌಂಟಿಯ ಲೆಕ್ಕ ಹೇಗೆ ನೋಡುತ್ತೀ ಎಂದು ಮುಖಕ್ಕೆ ಹೊಡೆದಂತೆ ಕೇಳಿದಳು. ಅದನ್ನು ನಾಳೆ ಬಂದು ಬೈಯಿ, ಈಗ ಬೀಗ ಹಾಕಿ ಹೊರಡು ಎಂದಳು ವರ್ಲೀನ್.

ಮೂರೂಮುಕ್ಕಾಲಿಗೆ ಕ್ಲೋವಿಸ್ ರಾಡೆಮಾಕರನ ಅಂಗಳ. ಡ್ವೈಟನ ಬೋರ್ಡು ಬಾಗಿಲಷ್ಟು ಅಗಲವಿತ್ತು. ವರ್ಲೀನಳ ಕಾಲು ಒಂದು ಗಳಿಗೆ ಬ್ರೇಕಿನ ಮೇಲೆ ಅನುಮಾನಿಸಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಎರಡು ಹಾರ್ನು ಹಾಕಿದಳು.

ಎಪ್ಪತ್ತರ ಕ್ಲೋವಿಸ್ ಜಗುಲಿಗೆ ಬಂದು ಎಲ್ಲ ಕೇಳಿಸಿಕೊಂಡ. ಮಕ್ಕಳು ಕಾಡಿನಲ್ಲಿ ಅಣಬೆ ಆರಿಸುತ್ತಿದ್ದರು. ಅವನ ಮಂಡಿ ಕೆಟ್ಟಿತ್ತು. ವರ್ಲೀನಳೇ ಕೆಸರು ತುಳಿದುಕೊಂಡು ಕಾಡಿಗೆ ಹೋಗಿ, ಗಂಟಲು ಹರಿಯುವಂತೆ ಕೂಗಿ, ಇಬ್ಬರನ್ನೂ ಎಳೆತಂದಳು. ಅವರ ಟ್ರಕ್ಕಿನ ಬ್ಯಾಟರಿ ಸತ್ತಿತ್ತು. ಆ ಗ್ರಹಚಾರವೂ ಅವಳ ಪಾಲಿಗೇ ಬಂತು.

"ನಾನು ಹಾಕೋದು ಡ್ವೈಟಿಗೇ, ತಿಳ್ಕೋ," ಅಂದ ಕ್ಲೋವಿಸ್.

"ಗೊತ್ತು. ಹತ್ತಿ."

ದಾರಿಯುದ್ದಕ್ಕೂ ಅಣಬೆಯ ಚೀಲ ಮಣ್ಣಿನ ವಾಸನೆ ಬೀರುತ್ತಿತ್ತು. ಮೈದಾನ ತಲುಪಿದಾಗ ಬಾಗಿಲು ಮುಚ್ಚಲು ಹನ್ನೊಂದು ನಿಮಿಷವಿತ್ತು. ಬೀಚ್ ಫೋರ್ಕಿನವರ ಸಾಲು ಕುರಿದೊಡ್ಡಿಯವರೆಗೂ ಹಬ್ಬಿತ್ತು. ಕಾರ್ಖಾನೆಯ ಮರದ ಪುಡಿ ಮೆತ್ತಿದ ಅಂಗಿಗಳ ನಡುವೆ ಆರಿನ್ ಪೊಲೀಸಿನವನ ಠೀವಿಯಲ್ಲಿ ನಿಂತಿದ್ದ. ಮುಚ್ಚುವ ಹೊತ್ತಿಗೆ ಸಾಲಿನಲ್ಲಿದ್ದವರಿಗೆಲ್ಲ ಓಟು ಉಂಟು. ಕ್ಲೋವಿಸನ ಮನೆಯವರು ಸಾಲಿನ ಕೊನೆಗೆ ನಿಂತರು.

ಒಂದೂವರೆ ಗಂಟೆ ಕಳೆದ ಮೇಲೆ, ಹೊರಗಿನ್ನೂ ಬಿಸಿಲಿರುವಾಗಲೇ, ಮೈದಾನದ ಸಭಾಂಗಣದಲ್ಲಿ ಫಲಿತಾಂಶ ಓದಿದರು. ಡ್ವೈಟ್ ಕೆಸಿಂಗರ್ ಆರುನೂರ ಹನ್ನೆರಡು. ವರ್ಲೀನ್ ಸ್ಟ್ರೌಡ್ ಆರುನೂರ ಹತ್ತು.

ಆರಿನ್ ತಲೆಯ ಮೇಲೆ ಕೈಹೊತ್ತು ಕೂತ. ಆ ಮೂರು ಓಟಿನ ಲೆಕ್ಕ ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಅಲ್ಲಿದ್ದ ಎಲ್ಲರಿಗೂ ಬರುವಂಥ ಲೆಕ್ಕ.

"ಒಂದು ಮನೆ, ವರ್ಲೀನ್. ಒಂದೇ ಒಂದು ಮನೆ ಬಿಟ್ಟಿದ್ರೆ."

"ಆಂಬುಲೆನ್ಸು ಉಳಿದ್ರೆ ಅವನ ಮನೆಗೂ ಹೋಗ್ಬೇಕಲ್ಲ," ಅಂದಳು. ಸೋಲು ಸೋಲೇ. ಹಾಗೆಂದು ಅವಳು ಕೂರಲಿಲ್ಲ. ಕೈಕುಲುಕಿಸಿಕೊಳ್ಳುತ್ತಿದ್ದ ಡ್ವೈಟನ ಮುಂದೆ ಕೆಸರು ಬೂಟಿನಲ್ಲೇ ಹೋಗಿ ನಿಂತಳು.

"ನಿಮ್ಮ ಮೂರು ಓಟು ನನ್ನ ಗಾಡೀಲಿ ಬಂದಿವೆ, ಡ್ವೈಟ್. ಈಗ ಹೇಳಿ, ನಮ್ಮ ಆಂಬುಲೆನ್ಸು ಉಳಿಸ್ತೀರೋ, ತೆಗೀತೀರೋ?"

ಡ್ವೈಟ್ ನಗಲು ನೋಡಿದ. ಇದು ಅದಕ್ಕೆ ಹೊತ್ತಲ್ಲ, ಜುಲೈಯಲ್ಲಿ ಬಜೆಟ್ಟು ಬರಲಿ, ಎಲ್ಲರೂ ಕೂತು ನೋಡೋಣ ಎಂದೆಲ್ಲ ಶುರುಮಾಡಿದ. ಹಿಂದಿನಿಂದ ಕ್ಲೋವಿಸ್ ಕುಂಟುತ್ತ ಬಂದು ವರ್ಲೀನಳ ಪಕ್ಕದಲ್ಲಿ ನಿಂತ.

"ಅವಳಿಗೆ ಉತ್ತರ ಕೊಡಪ್ಪ," ಅಂದ. "ನಾನೂ ಅಲ್ಲೇ ಇರೋನು."

ಡ್ವೈಟ್ ಕ್ಲೋವಿಸನನ್ನು ನೋಡಿದ, ಬಾಗಿಲ ಬಳಿ ಗುಂಪುಗೂಡಿದ್ದ ಬೀಚ್ ಫೋರ್ಕಿನವರನ್ನು ನೋಡಿದ.

"ಆಯ್ತು, ತೆಗೆಯೋಲ್ಲ. ಆದ್ರೆ ನನ್ನದು ಏಳರಲ್ಲಿ ಒಂದು ಕೈ ಅಷ್ಟೇ ಕಣಮ್ಮ. ನಾಲ್ಕು ಬೇಕು."

ವರ್ಲೀನ್ ಅಲ್ಲಿದ್ದವರೆಲ್ಲರ ಎದುರಿಗೆ ಅವನ ಕೈ ಹಿಡಿದು ಕುಲುಕಿದಳು. ಆಮೇಲೆ ಆರಿನ್ ಕಡೆ ತಿರುಗಿ, ಉಳಿದ ಆರು ಜನ ಕೌನ್ಸಿಲ್ಲಿನವರಲ್ಲಿ ಯಾರ ಮನೆ ಎಲ್ಲೆಲ್ಲಿದೆ ಎಂದು ಕೇಳಿದಳು.