ಆಡೋ ಲ್ಯಾಪ್‌ಟಾಪ್

ಕೀಬೋರ್ಡಿನ ಅಕ್ಷರಗಳ ಕೆಳಗಿನಿಂದ ಬಣ್ಣ ಹರಿಯುತ್ತಿದೆ, ಕೆಂಪು ಹೋಗಿ ನೇರಳೆ, ನೇರಳೆ ಹೋಗಿ ನೀಲಿ, ಎರಡು ಬಣ್ಣದೆಳೆಯ ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದ ಹಾಗೆ, ಇಂಥ ದಾರ ಬಳ್ಳಾರಿಯಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದುಕೊಂಡಳು ಚಂದ್ರಕಲಾ, ಎಂದುಕೊಂಡವಳೇ ಕಣ್ಣನ್ನು ಪಕ್ಕಕ್ಕೆ ಎಳೆದುಕೊಂಡಳು, ಅವಳು ನೋಡಬೇಕಾದದ್ದು ಆ ಕಪ್ಪು ಗುಂಡನ್ನಲ್ಲವಲ್ಲ, ಈ ಬೆಳ್ಳಿಬಣ್ಣದ ತೆಳ್ಳನೆಯ ಲ್ಯಾಪ್‌ಟಾಪನ್ನು, ಅಂಗಡಿಯ ಮಾಲತೇಶ್ ಒಂದೇ ಕೈಯಲ್ಲಿ ತಟ್ಟೆ ಹಿಡಿದಂತೆ ಎತ್ತಿ ತೋರಿಸುತ್ತಿದ್ದಾನೆ, ನೋಡ್ರಿ ಅಕ್ಕಾ, ಹೂವಿನಂಗ ಹಗುರ, ಬೆಳಿಗ್ಗೆ ಚಾರ್ಜ್ ಹಾಕಿದ್ರ ಸಂಜೀತನಕ ಚಿಂತಿ ಇಲ್ಲ, ಮನೀ ಕೆಲಸಕ್ಕ, ಲೆಕ್ಕಕ್ಕ, ಫೋಟೋಕ್ಕ ಇದ್ರ ಮುಂದ ಯಾವುದೂ ಇಲ್ಲ — ಹೌದು, ಇದೇ ಸರಿ, ಇದಕ್ಕೇ ಅಲ್ಲವೇ ಬಂದದ್ದು, ಚಿತ್ತವಾಡ್ಗಿಯಿಂದ ಗಂಡನ ಬೈಕಿನಲ್ಲಿ ಮೂವರೂ ಒತ್ತಿಕೊಂಡು ಕೂತು, ನಡುವೆ ಮಗಳು, ಹಿಂದೆ ಅವಳು, ಮದುವೆ ರವಿಕೆಗಳಿಗೆ ಮಣಿ, ಜರಿ ಕೂರಿಸಿ ಕೂರಿಸಿ ಅವಳೇ ಗಳಿಸಿದ ದುಡ್ಡು ಚೀಲದಲ್ಲಿ, ಕಂಪ್ಲಿಯ ಮದುಮಕ್ಕಳ ಮನೆಗೆ ಹೋದಾಗ ಫೋನಿನ ಪುಟ್ಟ ಗಾಜಿನಲ್ಲಿ ರವಿಕೆಯ ನವಿಲು ತೋರಿಸಿದರೆ ಅವರ ಅಜ್ಜಿಯಂದಿರು ಕೋಳಿ ಅಂದುಕೊಳ್ಳುತ್ತಾರೆ, ದೊಡ್ಡ ಪರದೆ ಬೇಕೇ ಬೇಕು, ಅಮ್ಮಾ ಇದನ್ನ ತಗಂಬಿಡು, ಸುಷ್ಮಿತಾ ಹೇಳುತ್ತಿದ್ದಾಳೆ, ಬಿಕಾಂ ಓದುವ ಮಗಳು, ತೂಗಿ ಅಳೆದು ಮಾತಾಡುವವಳು, ನನಗೂ ಒಮ್ಮೊಮ್ಮೆ ಕಾಲೇಜಿಗೆ ಒಯ್ಯಾಕ ಬರ್ತೈತಿ, ಬ್ಯಾಗಿನ್ಯಾಗ ಐತೋ ಇಲ್ಲೋ ಅನ್ನಂಗ ಇರ್ತೈತಿ — ತಗೊಂಡರಾಯಿತು, ತಲೆಯಾಡಿಸಿದರಾಯಿತು, ಆದರೆ ತಲೆ ಆಡುತ್ತಿಲ್ಲ, ಪಕ್ಕದ ಕಪ್ಪನೆಯದು ಒಳಗೊಳಗೇ ಉಸಿರಾಡುತ್ತಿದೆ, ಅದರ ಪಕ್ಕೆಯಿಂದ ಬಿಸಿಗಾಳಿ ಬಂದು ಅವಳ ಮೊಣಕೈಗೆ ತಾಗುತ್ತಿದೆ, ಲಾರಿಯ ಬಾನೆಟ್ಟಿನ ಪಕ್ಕ ನಿಂತ ಹಾಗೆ, ಅದು ಏನ್ರೀ, ಅಂತ ಅವಳು ಗೊತ್ತಿಲ್ಲದವಳಂತೆ ಕೇಳಿದಳು, ಗೊತ್ತಿದ್ದೂ ಕೇಳಿದಳು, ಅದು ಗೇಮಿಂಗ್ ಅಕ್ಕಾ, ಹುಡುಗರು ತಗಂತಾರ, ಮನ್ಯಾಗ ಮಗ ಅದಾನೇನು? ಇಲ್ಲ, ಮಗ ಇಲ್ಲ. ಹಂಗಾರ ಬಿಡ್ರಿ, ನಿಮಗ್ಯಾಕ ಅದು.

ನಿಮಗ್ಯಾಕ ಅದು — ಎಷ್ಟು ಸಲೀಸಾಗಿ ಅಂದುಬಿಟ್ಟ, ಅವನ ತಪ್ಪೇನಲ್ಲ, ಸಂಡೂರಿನ ಯಲ್ಲೇಶ್ ಕೂಡ ಮೊದಲು ಹಾಗೇ ಅಂದಿದ್ದ, ಅಣ್ಣನ ಮಗ, ಗಣಿಯಲ್ಲಿ ಕೆಲಸ, ಅವನ ಮನೆ ಗೃಹಪ್ರವೇಶದ ದಿನ ಊಟ ಮುಗಿಸಿ ಎಲ್ಲರೂ ಜಗುಲಿಯಲ್ಲಿ ಅಡ್ಡಾಗಿದ್ದಾಗ ಒಳಕೋಣೆಯಿಂದ ಇಂಜಿನ್ನಿನ ಸದ್ದು, ಮನೆಯೊಳಗೆ ಲಾರಿಯೇ, ಬಾಗಿಲು ತಳ್ಳಿ ನೋಡಿದರೆ ಇಂಥದೇ ಒಂದು ಕಪ್ಪು ಗುಂಡಿನ ಮುಂದೆ ಅವನು, ಪರದೆಯ ತುಂಬ ರಸ್ತೆ, ಗಾಜಿನ ಮೇಲೆ ಮಳೆ ಬಿದ್ದು ವೈಪರು ಒರೆಸುತ್ತಿದೆ, ಬೆಟ್ಟ ಬಂದು ಬಂದು ಹಿಂದಕ್ಕೆ ಸರಿಯುತ್ತಿದೆ, ಯಾವ ದೇಶದ ಬೆಟ್ಟವೋ, ಅವಳಿಗೆ ಮಾತ್ರ ದೋಣಿಮಲೈ ಕಡೆಯ ತಿರುವಿನ ಹಾಗೇ ಕಂಡಿತು, ಏನತ್ತೀ, ಆಡ್ತೀಯೇನು, ಅಂತ ನಕ್ಕ, ನಿನಗ್ಯಾಕ ಬಿಡು ಇದು ಅಂತಲೂ ಅಂದ, ಅಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಕೂತಾಗಿತ್ತು — ಮೊದಲು ಗುಡ್ಡಕ್ಕೆ ಹೊಡೆದಳು, ಆಮೇಲೆ ಇನ್ನೊಂದು ಗುಡ್ಡಕ್ಕೆ, ಆಮೇಲೆ ಹೊಡೆಯಲಿಲ್ಲ, ಬೆರಳಿಗೆ ತಾನೇ ತಿಳಿಯತೊಡಗಿತು, ಕಣ್ಣು ಮೇಲಿದ್ದರೂ ಕೆಳಗೆ ಸೂಜಿ ಎಲ್ಲಿ ಇಳಿಯಬೇಕೋ ಅಲ್ಲೇ ಇಳಿಯುವ ಬೆರಳು ಇವು, ಕಸೂತಿ ಮಗ್ಗದ ಚೌಕಟ್ಟಿಗೆ ಬಿಗಿದ ಬಟ್ಟೆಯ ಅಡಿಯಲ್ಲಿ ಕುರುಡಾಗಿ ದಾರ ಹಿಡಿಯುವ ಬೆರಳು, ಇಷ್ಟೇ ಒತ್ತಬೇಕು, ಇಷ್ಟೇ ಬಿಡಬೇಕು, ಲಾರಿ ಅವಳು ಹೇಳಿದ ಕಡೆ ಹೊರಳಿತು, ಅಷ್ಟು ದೊಡ್ಡ ಲಾರಿ, ಹಿಂದೆ ಅಷ್ಟು ಭಾರ, ಅವಳು ಹೇಳಿದ ಕಡೆ! ಎದೆ ಢವಢವ ಅನ್ನುತ್ತಿತ್ತು, ಕಂಪ್ಲಿಯಲ್ಲಿ ಅಪ್ಪ ಉಜ್ಜಿನಪ್ಪ ಕಬ್ಬಿನ ಟ್ರ್ಯಾಕ್ಟರು ಓಡಿಸುತ್ತಿದ್ದಾಗ ಮಡ್‌ಗಾರ್ಡ್ ಮೇಲೆ ಕೂತು ಸ್ಟೇರಿಂಗಿಗೆ ಕೈಹಾಕುತ್ತಿದ್ದಳು, ಹೊಳೆ ಸೇತುವೆ ಬಂದಾಗ ಮಾತ್ರ ತೆಗೆಯೇ ಕೈ ಅನ್ನುತ್ತಿದ್ದ, ಆಮೇಲೊಂದು ದಿನ ದೊಡ್ಡಾಕಿ ಆದಿ, ಕೆಳಗ ಕುಂದ್ರು ಅಂದ, ಮದುವೆಯಾದದ್ದೂ ಅದಿರು ಲಾರಿಯ ಡ್ರೈವರನ್ನೇ, ಎಷ್ಟು ಹತ್ತಿರ ಬಂತು ಚಕ್ರ, ಆದರೂ ಕೈಗೆ ಬರಲಿಲ್ಲ, ಒಮ್ಮೆ ಸ್ಕೂಟಿ ಕಲಿಯುತ್ತೇನೆಂದು ಹೊರಟು ಓಣಿಯ ಗಾಳೆಮ್ಮನ ಒಣಮೆಣಸಿನಕಾಯಿ ರಾಶಿಯ ಮೇಲೆ ಹತ್ತಿಸಿದ್ದೇ ಆಯಿತು, ಇಡೀ ಓಣಿ ಸೀನಿತು, ಗಂಡ ಜಂಬುನಾಥ್ ಈಗಲೂ ನೆಂಟರ ಮುಂದೆ ಅದನ್ನು ಹೇಳಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಾನೆ, ಅವಳೂ ನಗುತ್ತಾಳೆ, ನಗದೆ ಏನು ಮಾಡುವುದು. ಸಂಡೂರಿನಿಂದ ಬಂದ ಮೇಲೆ ಫೋನಿಗೇ ಒಂದು ಲಾರಿ ಆಟ ಹಾಕಿಕೊಂಡಳು, ಮಧ್ಯಾಹ್ನ ಮಗಳು ಕಾಲೇಜಿನಲ್ಲಿ, ಗಂಡ ಗಣಿಯ ದಾರಿಯಲ್ಲಿ, ರವಿಕೆಯ ತೋಳು ಒಣಗಲು ಹಾಕಿ ಬಾಗಿಲ ಚಿಲಕ ಹಾಕಿಕೊಂಡು, ಕಳ್ಳಿಯ ಹಾಗೆ, ಫೋನು ಬಿಸಿಯಾಗಿ ಅರ್ಧ ತಿರುವಿನಲ್ಲೇ ನಿಂತುಬಿಡುತ್ತಿತ್ತು, ಲಾರಿ ಗಾಳಿಯಲ್ಲಿ, ಅವಳು ಇಲ್ಲಿ, ಯಾರಾದರೂ ಬಾಗಿಲು ಬಡಿದರೆ ಸೂಜಿ ಹಿಡಿದುಕೊಂಡು ಬರುತ್ತಿದ್ದಳು.

ಅಮ್ಮಾ, ಎಲ್ಲಿ ಹೋದಿ? ಇಲ್ಲೇ ಅದೀನಿ ಅಂದಳು, ಕೈ ಮಾತ್ರ ಕಪ್ಪನೆಯದರ ಮೇಲೆ ಹೋಗಿ ಕೂತಿದೆ, ಯಾವಾಗ ಹೋಯಿತೋ, ಎತ್ತಿ ನೋಡಿದಳು, ಅಬ್ಬಾ, ಕುಂಬಳಕಾಯಿ, ಕಂಪ್ಲಿ ಬಸ್ಸಿನಲ್ಲಿ ಇದನ್ನು ಹೊತ್ತುಕೊಂಡು ನಿಂತರೆ ಭುಜ ಕಿತ್ತು ಬರುತ್ತದೆ, ಚಾರ್ಜರೇ ಇಟ್ಟಿಗೆಯ ಹಾಗಿದೆ, ವೈರು ಕಿತ್ತರೆ ಅರೆಘಳಿಗೆಯಲ್ಲಿ ಸುಸ್ತಾಗುತ್ತದಂತೆ, ಮಾಲತೇಶ್ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಾನೆ, ಬೆಲೆಯೂ ಅದರ ದುಪ್ಪಟ್ಟಿನ ಹತ್ತಿರ ಅಕ್ಕಾ, ಸುಳ್ಳು ಹೇಳಂಗಿಲ್ಲ ನಾನು, ಅವಳ ಚೀಲದಲ್ಲಿದ್ದದ್ದನ್ನೆಲ್ಲ ಸುರಿದರೆ ಅದಕ್ಕೂ ಸಾಲುತ್ತದೆ, ಬಾಗಿಲ ಬಳಿ ನಿಂತು ಬೈಕು ಕಾಯುತ್ತಿದ್ದ ಜಂಬುನಾಥ್ ಇಣುಕಿ, ಆತೇನು, ಜಲ್ದಿ ಮುಗಿಸ್ರಿ, ಮರಿಯಮ್ಮನಹಳ್ಳಿ ತನಕ ಹೋಗಿ ಬರಬೇಕು ನಾನು, ಅಂದ, ಬೆಳ್ಳಿಯದು, ಬೆಳ್ಳಿಯದೇ, ತೆಳ್ಳಗೆ, ಸದ್ದಿಲ್ಲದೆ, ಬುದ್ಧಿವಂತ ಸೊಸೆಯ ಹಾಗೆ, ಒಳ್ಳೆಯದೇ ಅದು, ಕೆಟ್ಟದ್ದೆಂದು ಯಾರೂ ಹೇಳಲಾರರು, ಅದರಲ್ಲಿ ಆ ಆಟ ಆಗ್ತದೇನ್ರಿ, ಲಾರೀದು, ಅಂತ ಬಾಯಿಂದ ಬಂದೇಬಿಟ್ಟಿತು, ಮೆಲ್ಲಗೆ, ಮಾಲತೇಶ್ ನಕ್ಕು ತಲೆಯಲ್ಲಾಡಿಸಿದ, ಅದು ಏಳಂಗಿಲ್ಲ ಅಕ್ಕಾ, ಎದ್ದರೂ ಕುಂಟತೈತಿ, ಆಮೇಲೆ ಅವಳ ಮುಖವನ್ನೇ ನೋಡಿದ, ಏನು ಕಂಡನೋ, ದನಿ ತಗ್ಗಿಸಿ, ಅಕ್ಕಾ, ನೀವು ರವಿಕಿ ಡಿಸೈನ್ ಮಾಡೋರು ಅಂದ್ರಲ್ಲ, ಡಿಸೈನಿಗೆ ಇದೇ ಬೇಕಂತ ಹೇಳಿಬಿಡ್ತೀನಿ ಅಣ್ಣಾರಿಗೆ, ನಂಬತಾರ, ಅಂದ — ಅಯ್ಯೋ ಎಂಥ ಒಳ್ಳೆಯ ಸುಳ್ಳು, ಅಳತೆ ತೆಗೆದು ಹೊಲಿದ ರವಿಕೆಯ ಹಾಗೆ ಮೈಗೆ ಕೂರುತ್ತದೆ, ಯಾರಿಗೂ ನೋವಿಲ್ಲ, ಗಂಡ ಹೂಂ ಅನ್ನುತ್ತಾನೆ, ಮಗಳು ಹೂಂ ಅನ್ನುತ್ತಾಳೆ, ಓಣಿಯವರೂ ಹೂಂ ಅನ್ನುತ್ತಾರೆ, ಆಮೇಲೆ? ಆಮೇಲೆ ಮಧ್ಯಾಹ್ನ ಮತ್ತೆ ಚಿಲಕ, ಮತ್ತೆ ಸೂಜಿ ಹಿಡಿದು ಬಾಗಿಲಿಗೆ, ಇಷ್ಟು ದೊಡ್ಡದನ್ನು ಎಲ್ಲಿ ಬಚ್ಚಿಡುವುದು, ಇದರ ಸದ್ದನ್ನು ಎಲ್ಲಿ ಬಚ್ಚಿಡುವುದು, ಲಾರಿ ಓಡಿಸಿಯೂ ಕಳ್ಳಿಯಾಗಿಯೇ ಇರುವುದೇ — ಮಾಲತೇಶ್ ಆಗಲೇ ದನಿಯೆತ್ತಿ, ಅಣ್ಣಾ, ಡಿಸೈನ್ ಕೆಲಸಕ್ಕ ಅಂದ್ರ ಇದು, ಅನ್ನುತ್ತಿದ್ದ, ಅವಳು, ಡಿಸೈನಿಗಲ್ಲ ಅಂದಳು. ಎಷ್ಟು ಜೋರಾಗಿ ಅಂದಳೆಂದರೆ ಪಕ್ಕದಲ್ಲಿ ಫೋನಿಗೆ ಗಾಜು ಅಂಟಿಸಿಕೊಳ್ಳುತ್ತಿದ್ದವರೂ ತಿರುಗಿದರು. ಡಿಸೈನಿಗಲ್ಲ, ಆಡಾಕ. ನಾನು ಆಡಾಕ.

ಯಾರು ಆಡೋದು? ಜಂಬುನಾಥ್ ಒಳಗೆ ಬಂದಿದ್ದಾನೆ, ಅವನ ಚಪ್ಪಲಿಯಿಂದ ಅಂಗಡಿಯ ಬಿಳಿ ನೆಲಕ್ಕೆ ಸಂಡೂರಿನ ಕೆಂಪು ಧೂಳು, ನಾನು. ಏನಾಟ? ಲಾರಿ. ಲಾರಿ ಏನು? ಓಡಸೋದು. ಅವನು ಮಗಳ ಮುಖ ನೋಡಿದ, ಮಗಳು ಅಮ್ಮನ ಮುಖ ನೋಡುತ್ತಿದ್ದಳು, ಈಗ ನಗುತ್ತಾನೆ, ಮೆಣಸಿನಕಾಯಿ ಕಥೆ ಈಗ ಇಲ್ಲಿಯೂ ಬರುತ್ತದೆ, ಬರಲಿ, ಕಿವಿ ಸುಡುತ್ತಿದೆ, ಆದರೆ ಒಳಗೆ ಎಂಥ ಹಗುರ, ಏನೋ ಕಳಚಿ ಬಿದ್ದ ಹಾಗೆ, ಅವನು ನಕ್ಕ, ದಿನಾ ಲಾರಿ ಓಡ್ಸಿ ಓಡ್ಸಿ ನನ್ನ ನಡಾ ಬಿದ್ದು ಹೋಗೈತಿ, ಈಕಿಗಿ ಮನ್ಯಾಗ ಕುಂತು ಲಾರಿ ಓಡಸಬೇಕಂತ, ಹಾಕ್ರಿ ಮಾಲತೇಶ್, ನೋಡೇಬಿಡಾಣ ಈಕಿ ಡ್ರೈವಿಂಗು — ಮಾಲತೇಶನಿಗೂ ಉಮೇದು, ಆಟ ಎಬ್ಬಿಸಿದ, ಸ್ಟೂಲ್ ಎಳೆದುಕೊಟ್ಟ, ಪರದೆಯಲ್ಲಿ ಇಳಿಜಾರು, ಸುತ್ತಿ ಸುತ್ತಿ ಇಳಿಯುವ ಘಾಟಿ, ಬೆರಳು ಬೆವರಿದೆ, ಸೀರೆಗೆ ಒರೆಸಿಕೊಂಡಳು, ಗೇರು, ಬಿಡು, ಹೊರಟಿತು, ಬ್ರೇಕ್ ಹಿಡಿಯೇ, ಹಿಡೀ, ಜಂಬುನಾಥ್ ಭುಜದ ಹಿಂದಿನಿಂದ ಕೂಗುತ್ತಿದ್ದಾನೆ, ಅವಳು ಹಿಡಿಯಲಿಲ್ಲ, ಗೇರು ಇಳಿಸಿದಳು, ಇಂಜಿನ್ನು ಗುರ್ರೆಂದು ಭಾರವನ್ನು ತಾನೇ ಹಿಡಿದುಕೊಂಡಿತು, ಇಳಿಜಾರಿನ್ಯಾಗ ಬ್ರೇಕ್ ನಂಬಬಾರದು, ಗೇರ್ ನಂಬಬೇಕು ಅಂತ ಊಟಕ್ಕೆ ಕೂತಾಗಲೆಲ್ಲ ಕ್ಲೀನರುಗಳನ್ನು ಬೈಯುತ್ತ ಹೇಳಿದವನು ನೀನೇ ಅಲ್ಲವೇ, ರೊಟ್ಟಿ ಬಡಿಯುತ್ತ ನಾನು ಕೇಳಿಸಿಕೊಂಡಿಲ್ಲವೇ, ಒಂದು ತಿರುವು, ಇನ್ನೊಂದು, ಅಬ್ಬಬ್ಬಾ ಎಂಥ ರಸ್ತೆ, ಫೋನಿನಲ್ಲಿ ಹುಲ್ಲು ಹಸಿರು ಬಳಿದಂತಿತ್ತು, ಇಲ್ಲಿ ಒಂದೊಂದು ಎಸಳೂ ಗಾಳಿಗೆ ಬಾಗುತ್ತಿದೆ, ಅಷ್ಟರಲ್ಲಿ ಎದುರಿಗೆ ಬಸ್ಸು, ತಿರುವಿನಲ್ಲೇ, ಇಬ್ಬರಿಗೂ ಜಾಗವಿಲ್ಲ, ನಿಲ್ಲಿಸಿದಳು, ಹಿಂದಕ್ಕೆ ಹೋಗಬೇಕು, ಅಷ್ಟುದ್ದದ ಲಾರಿ, ಬಲಕ್ಕೆ ಪ್ರಪಾತ, ಬಿಡು ಇಲ್ಲಿ, ನಿನಗ ಬರಂಗಿಲ್ಲ ಇದು, ಜಂಬುನಾಥನ ಕೈ ಅವಳ ಕೈಯ ಮೇಲಿಂದ ಕೀಲಿಗಳ ಕಡೆ ಬಂತು, ಒರಟು ಕೈ, ಕೆಳಗೆ ಅವನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿದೆ, ಅರೆ, ಅವನಿಗೂ ಢವಢವ, ಕೈ ತೆಗೀರಿ. ಏನಂದಿ? ಕೈ ತೆಗೀರಿ ಅಂದೆ, ಆ ಕಡೆ ಸ್ಟೂಲ್ ಐತಿ ನೋಡ್ರಿ, ಕ್ಲೀನರ್ ಸೀಟು, ಅಲ್ಲಿ ಕುಂದ್ರಿ. ಸುಷ್ಮಿತಾ ಕಿಸಕ್ಕನೆ ನಕ್ಕಳು, ಅಪ್ಪಾ, ಕುಂದ್ರಪ್ಪಾ, ನನಗ ಕಾಲೇಜಿನ್ಯಾಗ ಕಂಪ್ಯೂಟರ್ ಲ್ಯಾಬ್ ಐತಿ, ನನ್ನ ಚಿಂತಿ ಬ್ಯಾಡ, ಅಂದಳು, ಅಮ್ಮಾ, ಮದ್ಲ ಹೇಳಬೇಕಿಲ್ಲೇನು ನೀನು, ಅಂತಲೂ ಅಂದಳು, ಸ್ಟೂಲ್ ಎಳೆಯುವ ಸದ್ದು, ಜಂಬುನಾಥ್ ಎಡಗಡೆ ಬಂದು ಕೂತ, ಕತ್ತು ಚಾಚಿ ಪರದೆಯ ಎಡತುದಿಗೆ ಕಣ್ಣು ನೆಟ್ಟ, ಬರ್ಲಿ, ಅಂದ, ಮೇಜಿಗೆ ಅಂಗೈಯಿಂದ ಬಡಿದ, ಬರ್ಲಿ ಬರ್ಲಿ, ಇನ್ನೊಂದೀಟು, ಎಡಕ್ಕ ಕ್ಲಿಯರ್ ಐತಿ, ಬಲಗನ್ನಡಿ ನೋಡ್ಕೋ — ಕನ್ನಡಿಯೇ, ಇದಕ್ಕೆ ಕನ್ನಡಿಯೂ ಇದೆಯೇ, ಇದೆ, ಬಲಕ್ಕೆ ಉದ್ದನೆಯ ಕನ್ನಡಿ, ಅದರಲ್ಲಿ ಲಾರಿಯ ಕೆಂಪು ಪಕ್ಕೆ, ಪಕ್ಕೆಯಾಚೆ ರಸ್ತೆ, ಅವಳು ಇಳಿದು ಬಂದ ರಸ್ತೆ, ತಿರುವಿನ ಮೇಲೆ ತಿರುವು, ಬರ್ಲಿ ಬರ್ಲಿ, ಚಕ್ರ ಬಿಳಿಗೆರೆಯ ಒಳಗೇ ಇದೆ, ಕನ್ನಡಿಯಲ್ಲಿ ಕಾಣುತ್ತಿದೆ, ಅಕ್ಕಾ, ಯಾವುದು ಕಟ್ಲಿ, ಮಾಲತೇಶ್ ಕೇಳುತ್ತಿದ್ದಾನೆ, ಇದ, ಅಂದಳು ಕಣ್ಣು ಕದಲಿಸದೆ, ಇದನ್ನ ಕಟ್ರಿ, ತಡೀರಿ, ಈಗ್ಲೇ ಬ್ಯಾಡ, ಬಸ್ಸು ದಾಟಿಹೋಯಿತು, ಹಾರ್ನು ಹೊಡೆದು ಹೋಯಿತು, ರೈಟ್! ಅಂದ ಜಂಬುನಾಥ್, ಮೇಜು ಬಡಿದು, ರೈಟ್ ರೈಟ್, ಹೋಗ್ಲಿ, ಆದರೆ ಅವಳು ಇನ್ನೂ ಹೊರಟಿಲ್ಲ, ಕನ್ನಡಿಯನ್ನು ನೋಡುತ್ತಿದ್ದಾಳೆ, ಕನ್ನಡಿಯಲ್ಲಿ ಬಿಸಿಲು ಬಿದ್ದ ರಸ್ತೆ, ಅಷ್ಟೂ ಅವಳೇ ಓಡಿಸಿಕೊಂಡು ಬಂದದ್ದು, ಕನ್ನಡಿಯಲ್ಲಿ ರಸ್ತೆ, ಕನ್ನಡಿಯ ತುಂಬ ರಸ್ತೆ