ಹಪ್ಪಳದ ಚಾಪೆಯ ಮೇಲೆ ಟೋನರ್

ಭಟ್ಕಳದಿಂದ ಕುಮಟಾದವರೆಗೆ ಯಾರ ಲೇಸರ್ ಪ್ರಿಂಟರ್ ಹಟ ಹಿಡಿದರೂ ಹಾಳೆ ನನ್ನ ಮೇಜಿಗೆ ಬರುತ್ತದೆ. ಮಷಿನ್ ಹೊತ್ತು ತರುವುದು ಬೇಡ, ಒಂದು ಹಾಳೆ ಸಾಕು. ಉದ್ದಕ್ಕೆ ಬಿಳಿಚಿದ್ದರೆ ಟೋನರ್ ಪುಡಿ ತೀರುತ್ತಿದೆ. ಉಜ್ಜಿದಾಗ ಅಕ್ಷರ ಬೆರಳಿಗೆ ಬಂದರೆ ಬಿಸಿ ಸಾಲದು. ಅಲ್ಲಲ್ಲಿ ಮಾಸಿದ್ದರೆ ಕಾಗದಕ್ಕೆ ತಂಡಿ, ಅಂದರೆ ತೇವ, ಹಿಡಿದಿದೆ. ಜಂಬ ಅನ್ನುವವರು ಅನ್ನಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುಣಿಯಬಲ್ಲೆ, ಹಾಗಾಗಿ ನೆಲವನ್ನು ಬೈಯುವುದಿಲ್ಲ.

ಆದರೆ ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಈ ಹೆಸರು ಇನ್ನೂ ಆಗಿರಲಿಲ್ಲ. ಶಿರಾಲಿಯಲ್ಲಿ ಹೆದ್ದಾರಿಗೆ ಮುಖ ಮಾಡಿದ ನಮ್ಮ ಮನೆಯ ಹೊರಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಅರ್ಜಿ, ಆಮಂತ್ರಣ ಎಂದು ಟೈಪು ಮಾಡುತ್ತಿದ್ದೆ. ಗೇರುಸೊಪ್ಪದಲ್ಲಿ ಹುಟ್ಟಿದ ಕರೆಂಟು ಶಿರಾಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು, ಆದರೂ ನಡೆಸುತ್ತಿದ್ದೆ. ನನಗೆ ಬೇಕಾಗಿದ್ದದ್ದು ಕುಮಟಾದ ಗುರುದತ್ತಣ್ಣನ ಆಫ್‌ಸೆಟ್ ಪ್ರೆಸ್ಸಿನ ಮಾಸ್ಟರ್ ಕೆಲಸ. ಟ್ರೇಸಿಂಗ್ ಕಾಗದದ ಮೇಲೆ ಅಚ್ಚುಕಟ್ಟಾಗಿ ಪ್ರಿಂಟ್ ತೆಗೆದುಕೊಟ್ಟರೆ ಅದರಿಂದಲೇ ಪ್ರೆಸ್ಸಿನವರು ಪ್ಲೇಟ್ ಮಾಡುತ್ತಾರೆ. ಮಾಸ್ಟರಿನಲ್ಲಿ ಒಂದು ಚುಕ್ಕೆಯಿದ್ದರೆ ಪುಸ್ತಕದ ಪ್ರತಿಯೊಂದು ಪ್ರತಿಯಲ್ಲೂ ಅದೇ ಚುಕ್ಕೆ. ಗುರುದತ್ತಣ್ಣ ಅದನ್ನೆಲ್ಲ ಹುಬ್ಬಳ್ಳಿಯಲ್ಲಿ ಮಾಡಿಸುತ್ತಿದ್ದ. ನಾನು ಬೆನ್ನು ಹತ್ತಿ ಕಾಡಿದ್ದಕ್ಕೆ, ಹೆಬಳೆಯ ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯನ್ನು ಕೊಟ್ಟು, "ಇದೊಂದು ನೋಡ್ವಾ. ಚಲೋ ಬಂದ್ರೆ ಮುಂದಿಂದೆಲ್ಲ ನಿಂಗೇ. ಇಲ್ಲಾ ಅಂದ್ರೆ ಮತ್ತೆ ಕೇಳೂಕೆ ಬರ್ಬೇಡ" ಎಂದಿದ್ದ.

ಸೋಮವಾರ ಬೆಳಿಗ್ಗೆ ಪ್ರೆಸ್ ಬಾಗಿಲು ತೆಗೆಯುವಾಗ ಮಾಸ್ಟರ್ ಅಲ್ಲಿರಬೇಕು. ಈ ಕೆಲಸಕ್ಕೆಂದೇ ಒಂದು ಕಾರ್ಟ್ರಿಜ್‌ಗೆ, ಪುಡಿಯನ್ನು ಕಾಗದಕ್ಕೆ ದಾಟಿಸುವ ಹೊಸ ಡ್ರಮ್ ಹಾಕಿ, ಪುಡಿ ತುಂಬಿಸಿ, ಕಪಾಟಿನಲ್ಲಿ ಎತ್ತಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಅದನ್ನು ಹಾಕಿ ಮೊದಲ ಪುಟ ತೆಗೆದರೆ, ಹಾಳೆಯ ಅಡ್ಡಕ್ಕೆ ಬೂದಿ ಬಣ್ಣದ ಪಟ್ಟೆ. ಒಂದಲ್ಲ, ಮೇಲಿಂದ ಕೆಳಗಿನವರೆಗೆ ನಾಲ್ಕು ಬೆರಳಿಗೊಂದರಂತೆ. ಮುಖ್ಯೋಪಾಧ್ಯಾಯರ ಭಾವಚಿತ್ರಕ್ಕೆ ಸರಿಯಾಗಿ ಮೂಗಿನ ಮೇಲೆ ಒಂದು.

ಕಾಗದ ಬದಲಿಸಿದೆ, ಪಟ್ಟೆ ಹೋಗಲಿಲ್ಲ. ಪುಟ ಅರ್ಧ ಒಳಗಿರುವಾಗಲೇ ಮುಚ್ಚಳ ತೆರೆದು ನಿಲ್ಲಿಸಿ ನೋಡಿದೆ. ಬಿಸಿ ಮಾಡುವ ರೋಲರ್ ತಲುಪುವ ಮುಂಚೆಯೇ ಕಾಗದದ ಮೇಲೆ ಪಟ್ಟೆ ಕೂತಿತ್ತು. ಅಂದಮೇಲೆ ತಪ್ಪು ರೋಲರ್‌ನದಲ್ಲ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವ ಗುರುತು ತಿರುಗುವ ವಸ್ತುವಿನದು, ಮತ್ತು ನಾಲ್ಕು ಬೆರಳಿಗೆ ಒಂದು ಸುತ್ತು ಹಾಕುವುದು ಡ್ರಮ್ ಮಾತ್ರ. ಆದರೆ ಅದು ಹೊಚ್ಚ ಹೊಸದು!

ಕಾರ್ಟ್ರಿಜ್ ಹೊರತೆಗೆದು ತಿರುಗಿಸಿದೆ. ಡ್ರಮ್ಮಿನ ಮೇಲೆ ತಾನಾಗಿ ಮುಚ್ಚಿಕೊಳ್ಳುವ ರೆಪ್ಪೆಯೊಂದಿದೆ. ಅದರ ಸಂದಿಯಲ್ಲಿ ತೆಂಗಿನಗರಿಯ ಕಡ್ಡಿಯ ಮುರುಕು ಸಿಕ್ಕಿಕೊಂಡಿತ್ತು. ಹಿಡಿಕೆಯ ಬದಿಯಲ್ಲಿ ಉದ್ದಿನ ಹಪ್ಪಳದ ಚೂರು.

"ಅತ್ತೇ!"

ನನ್ನ ಅತ್ತೆ ಗಣಪಿಯಮ್ಮ ಮಳೆಗಾಲದಲ್ಲಿ ಬಿಸಿಲು ಕಂಡರೆ ಬಿಡುವ ಪೈಕಿಯಲ್ಲ. ಹಪ್ಪಳ, ಮೆಣಸು, ಹಾಸಿಗೆ, ದೇವರ ಕೋಣೆಯ ಬತ್ತಿ, ಮಾವನ ಹಳೆ ಚಪ್ಪಲಿ, ಎಲ್ಲವೂ ಅಂಗಳಕ್ಕೆ. ನಮ್ಮ ಕರಾವಳಿಯಲ್ಲಿ ತಂಡಿ ಹಿಡಿದದ್ದಕ್ಕೆಲ್ಲ ಅದೊಂದೇ ಮದ್ದು. ಶನಿವಾರ ನಾನು ಭಟ್ಕಳಕ್ಕೆ ಹೋದಾಗ ಸ್ವಲ್ಪ ಹೊತ್ತು ಬಿಸಿಲು ಬಿದ್ದಿತ್ತು.

"ತಂಡಿ ಹಿಡಿದ್ರೆ ಹಾಳಾತದೆ ಅಂತ ದಿನಾ ಬಡ್ಕಂತಿದ್ಯಲ್ಲೆ. ಹಪ್ಪಳದ ಸಂಗ್ತಿಗೆ ಅದನ್ನೂ ಇಟ್ಟೆ. ಬಾಯಿ ಮುಚ್ಕಂತಾ ಇತ್ತು, ಒಳಗೂ ಒಣಗ್ಲಿ ಅಂತ ಕಡ್ಡಿ ಸಿಕ್ಸಿದೆ. ಎಂತ ತಪ್ಪಾತು?"

"ಅದು ಬೆಳಕು ನೋಡೂಕಾಗ್ದು ಅತ್ತೆ! ಬಿಸ್ಲು ಬಿದ್ದ ಜಾಗ ಬೇಡದಿದ್ರೂ ಪುಡಿ ಎಳೀತದೆ!"

"ಹಂಗಾದ್ರೆ ಮೊದ್ಲೇ ಹೇಳ್ಬೇಕಿತ್ತು" ಎಂದರು ಅತ್ತೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಅದೇ ಹೊತ್ತಿಗೆ ಹೊರಗೆ ಸ್ಕೂಟರ್ ನಿಂತಿತು. ಭಟ್ಕಳದಲ್ಲಿ ಮದುವೆಗೆ ಹೊರಟಿದ್ದ ಗುರುದತ್ತಣ್ಣ, ದಾರಿಯ ಮೇಲೇ ಇದೆಯಲ್ಲ ಎಂದು ಇಣುಕಿದ್ದ. ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡು ನಕ್ಕ.

"ಮಾಲತಿ, ಇದೆಂತ, ಹುಲಿ ಚರ್ಮವಾ? ಬೇಡ ಬಿಡು. ಸಂಜೆ ಬಸ್ಸಿಗೆ ಹುಬ್ಬಳ್ಳಿಗೇ ಕಳಿಸ್ತೆ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಾಗಿಲಿಗೆ ಬಂದು ನಿಂತರು. "ನೋಡಾ, ಅದನ್ನ ಹಪ್ಪಳದ ಸಂಗ್ತಿಗೆ ಬಿಸ್ಲಿಗೆ ಇಟ್ಟವ್ಳು ನಾನು. ಅವ್ಳದ್ದೆಂತ ತಪ್ಪಿಲ್ಲ."

ಮದುವೆಯಾಗಿ ಬಂದಾಗಿನಿಂದ ಆ ಹೆಂಗಸು ಒಂದು ತಪ್ಪನ್ನೂ ಒಪ್ಪಿದ್ದು ನಾನು ಕೇಳಿರಲಿಲ್ಲ. ಅದೂ ಹೊರಗಿನವರ ಎದುರಿಗೆ, ನನಗಾಗಿ. ನನ್ನ ಸಿಟ್ಟು ಅಲ್ಲಿಯೇ ಇಳಿಯಿತು.

ಗುರುದತ್ತಣ್ಣ ಮಾತ್ರ ಇನ್ನೂ ಜೋರಾಗಿ ನಕ್ಕ. "ಹಪ್ಪಳದ ಸಂಗ್ತಿಗೆ ಟೋನರ್ ಒಣಗಿಸೂ ಮನೆಗೆ ಕೆಲಸ ಕೊಡೂದು ಹೇಗೆ ಮಾರಾಯ್ತಿ?"

"ಹೇಗೆ ಅಂದ್ರೆ, ಎಂತಕ್ಕೆ ಕೆಟ್ಟಿತು ಅಂತ ನಂಗೆ ಗೊತ್ತು" ಎಂದೆ. "ಹುಬ್ಬಳ್ಳಿಯವ್ರು ಹೋದ ವರ್ಷ ಚುಕ್ಕೆ ಚುಕ್ಕೆ ಮಾಸ್ಟರ್ ಕಳಿಸಿದ್ರಲ್ಲ, ಎಂತಕ್ಕೆ ಅಂತ ಹೇಳಿದ್ರಾ? ನೀವು ಹೇಳಿದ್ದು ಸೋಮವಾರ ಬೆಳಿಗ್ಗೆ. ಅಲ್ಲೀವರೆಗೆ ನನ್ನ ಮಾತು ನಡೀತದೆ."

ಅವನ ನಗೆ ನಿಂತಿತು. "ಆತು. ಬಾಗ್ಲು ತೆಗೆಯೂವಾಗ ಬರ್ಲಿಲ್ಲ ಅಂದ್ರೆ ಮುಗೀತು" ಎಂದು ಹೊರಟ.

ಮಾತೇನೋ ಆಡಿಬಿಟ್ಟೆ. ಭಾನುವಾರ ಬೇರೆ ಡ್ರಮ್ ಎಲ್ಲೂ ಸಿಗದು. ಹಳೆಯ ಕಾರ್ಟ್ರಿಜ್‌ನ ಡ್ರಮ್ಮಿನ ಮೇಲೆ ಗೀರು ಬಿದ್ದಿತ್ತು. ಉಳಿದದ್ದು ಒಂದೇ ದಾರಿ: ಬೆಳಕು ಕಂಡು ದಣಿದ ಡ್ರಮ್ ಕತ್ತಲೆಯಲ್ಲಿ ಮಲಗಿದರೆ ಕೆಲವು ಸಲ ಸುಧಾರಿಸಿಕೊಳ್ಳುತ್ತದೆ. ಕೆಲವು ಸಲ ಇಲ್ಲ. "ಅತ್ತೆ, ಮನೇಲಿ ಒಂಚೂರೂ ಬೆಳಕು ಹೋಗದ ಜಾಗ ಯಾವ್ದು?"

ಅತ್ತೆ ಯೋಚಿಸಲೂ ಇಲ್ಲ. ಒಳಕೋಣೆಯ ಅಕ್ಕಿ ಪೆಟ್ಟಿಗೆ. ಅವರ ಕರಿಕಂಬಳಿಯಲ್ಲಿ ಸುತ್ತಿ, ಅಕ್ಕಿಯ ಮೇಲೆ ಇಟ್ಟು, ಹಲಸಿನ ಹಲಗೆಯ ಮುಚ್ಚಳ ಹಾಕಿದೆವು.

ಸಂಜೆ ನನ್ನ ಗಂಡ ಗಿರೀಶ ಕೆಲಸ ಮುಗಿಸಿ ಬಂದು ಊಟಕ್ಕೆ ಕೂತರೆ ತಟ್ಟೆಯಲ್ಲಿ ಅವಲಕ್ಕಿ.

"ಅನ್ನ ಎಲ್ಲಿ ಆಯಿ?"

"ಪೆಟ್ಟಿಗೆ ತೆಗೆಯೂಕಿಲ್ಲ ಇವತ್ತು. ಮಾಲತಿದು ಒಳಗೆ ಮಲಗ್ಯದೆ. ಸುಮ್ನೆ ತಿನ್ನು."

ಕಂಬಳಿಯಲ್ಲಿ ಸುತ್ತಿದ್ದೇವೆ, ಒಂದು ಸೇರು ಅಕ್ಕಿ ತೆಗೆದರೆ ಏನೂ ಆಗದು ಎಂದು ನಾನು ಹೇಳಬಹುದಿತ್ತು. ಬದಲಿಗೆ ಅವಲಕ್ಕಿ ತಿಂದೆ. ಅಷ್ಟು ರುಚಿಯಾದ ಅವಲಕ್ಕಿ ಮತ್ತೆ ತಿಂದಿಲ್ಲ.

ಸೋಮವಾರ ಬೆಳಕು ಹರಿಯುವಾಗ ಕಾರ್ಟ್ರಿಜ್ ಹಾಕಿದೆ. ಮೊದಲ ಹಾಳೆಯಲ್ಲಿ ಪಟ್ಟೆಯ ನೆರಳು ಇನ್ನೂ ಇತ್ತು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಎರಡನೆಯದರಲ್ಲಿ ಇನ್ನೂ ತೆಳುವಾಯಿತು. ಆಮೇಲಿನದು ಬಿಳಿ ಬೆಳ್ಳಗೆ, ಕಪ್ಪು ಕಪ್ಪಗೆ! ಮುಖ್ಯೋಪಾಧ್ಯಾಯರ ಮೂಗು ಸ್ವಚ್ಛವಾಗಿತ್ತು. ಟ್ರೇಸಿಂಗ್ ಕಾಗದ ಹಾಕಿ ಇಡೀ ಸಂಚಿಕೆಯನ್ನು ತೆಗೆದೆ. ಸಂಶಯ ಬಂದ ಪುಟಗಳನ್ನು ಹರಿದು ಮತ್ತೆ ತೆಗೆದೆ. ಆಮೇಲೆ ಇಬ್ಬರೂ ಬಸ್ಸು ಹತ್ತಿದೆವು. ಬರಬೇಡಿ ಎಂದರೂ ಅತ್ತೆ ಕೇಳಲಿಲ್ಲ.

ಪ್ರೆಸ್ಸಿನಲ್ಲಿ ಗುರುದತ್ತಣ್ಣ ಒಂದೊಂದು ಹಾಳೆಯನ್ನೂ ಗಾಜಿನ ಮೇಜಿನ ದೀಪದ ಮೇಲಿಟ್ಟು, ಭೂತಗನ್ನಡಿ ಹಿಡಿದು ನೋಡಿದ. ತಪ್ಪು ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಹುಡುಕಲಿ ಎಂದು ಕೈಕಟ್ಟಿ ನಿಂತೆ. ಕೊನೆಯ ಹಾಳೆ ಮುಗಿದ ಮೇಲೆ ಒಳಗಿನವನನ್ನು ಕೂಗಿ, "ಪ್ಲೇಟ್ ಮಾಡು" ಎಂದ. ಆಮೇಲೆ ಕಪಾಟಿನಿಂದ ಮುಂದಿನ ಪುಸ್ತಕದ ಹಸ್ತಪ್ರತಿಯಿದ್ದ ದಪ್ಪನೆಯ ಒಂದು ಲಕೋಟೆ ತೆಗೆದ. ಅಂದಿನ ಟಪಾಲಿಗೆ ಸಿದ್ಧವಾಗಿತ್ತು. ಮೇಲಿದ್ದ ಹುಬ್ಬಳ್ಳಿಯ ವಿಳಾಸವನ್ನು ಪೆನ್ನಿನಿಂದ ಹೊಡೆದು, 'ಮಾಲತಿ, ಶಿರಾಲಿ' ಎಂದು ಬರೆದು, ನನ್ನ ಕೈಗಿಟ್ಟ.

ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನಿಗೆ ಅತ್ತೆ ಲಕೋಟೆ ತೋರಿಸಿದರು. "ಹುಬ್ಬಳ್ಳಿಗೆ ಹೋಗೂ ಕೆಲಸ ಇದು. ಇನ್ಮೇಲೆ ನನ್ ಸೊಸೆ ಮಾಡ್ತದೆ." ಹಿಂದಿನ ಸೀಟಿನವರೂ ತಿರುಗಿ ನೋಡಿದರು. ಬೇರೆ ದಿನವಾಗಿದ್ದರೆ ಮೊಣಕೈಯಿಂದ ತಿವಿದು ಸುಮ್ಮನಿರಿಸುತ್ತಿದ್ದೆ. ಅಂದು, ಇನ್ನಷ್ಟು ಗಟ್ಟಿಯಾಗಿ ಹೇಳಲಿ ಅನ್ನಿಸಿತು.