ಮೇಲಿನ ಮನೆಯ ನೀರು

ಹರಿಶ್ಚಂದ್ರ ಬಂಗೇರನ ಮನೆಯ ವಾಷಿಂಗ್ ಮೆಷೀನು ಬಂದ ದಿನದಿಂದ ಜಾಗ ಬಿಟ್ಟು ಕದಲಿರಲಿಲ್ಲ. ಅಡುಗೆಮನೆಗೆ ತಾಗಿದ ಡ್ರೈ ಬಾಲ್ಕನಿಯ ಮೂಲೆಯಲ್ಲಿ ಅದರ ಪಾಡಿಗೆ ಅದು ತಿರುಗುತ್ತಿತ್ತು. ಏಪ್ರಿಲ್‌ನಲ್ಲಿ ಬಿಸು ಹಬ್ಬ, ತುಳುವರ ಹೊಸ ವರ್ಷ, ಹತ್ತಿರ ಬಂತೆಂದರೆ ಹೆಂಡತಿ ವಿನೋದಾ ಫ್ಯಾನು ಒರೆಸಿ, ಡಬ್ಬಿಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟು, ಕೊನೆಗೆ, "ಇದೊಂದನ್ನು ಎಳೆದು ಕೊಡಿ ಮಾರಾಯ್ರೆ, ಅಡಿಯಲ್ಲಿ ಜಿರಳೆಗಳು ಸಂಸಾರ ಹೂಡಿವೆ" ಎನ್ನುತ್ತಿದ್ದಳು. ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರನಾಗಿದ್ದ ಹರಿಶ್ಚಂದ್ರನಿಗೆ ಹಬ್ಬದ ವಾರ ರಜೆ ಸಿಗುವುದು ಅಪರೂಪ. ೨೦೧೨ರಲ್ಲಿ ಸಿಕ್ಕಿತು. ಬನಿಯನ್ ಮೇಲೆ ಒಂದು ಹಳೆಯ ಟವೆಲ್ ಸುತ್ತಿಕೊಂಡು ಅವನು ಮೆಷೀನನ್ನು ಎಳೆದ.

ಅಡಿಯಲ್ಲಿ ಜಿರಳೆಗಿಂತ ಹೆಚ್ಚು ಕೆಸರಿತ್ತು. ಮೆಷೀನಿನ ನೀರು ಹೊರಹೋಗುವ ಪೈಪು ಎಂದೋ ನೆಲದ ಮೋರಿಯ ಜಾಳಿಯಿಂದ ಜಾರಿ ಗೋಡೆಯ ಬುಡದಲ್ಲಿ ಬಿದ್ದಿತ್ತು. ಅಲ್ಲಿನ ಟೈಲ್ಸು ಒಡೆದು ಕೆಳಗಿನ ಸಿಮೆಂಟು ಹಲ್ಲು ಹುಳುಕಾದಂತೆ ಕರಗಿಹೋಗಿತ್ತು. ಹರಿಶ್ಚಂದ್ರ ಒಂದು ಮಗ್ಗು ನೀರು ಹಾಕಿ ನೋಡಿದ. ನೀರು ನಿಲ್ಲಲಿಲ್ಲ, ಜಾಳಿಯ ಕಡೆಗೂ ಹರಿಯಲಿಲ್ಲ. ಗುಟುಕರಿಸಿದಂತೆ ಸದ್ದು ಮಾಡಿ ಒಳಗೆ ಇಳಿದುಹೋಯಿತು.

ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯಿಂದ ದಾನಮ್ಮನ ದನಿ ಕೇಳಿಸಿತು. "ಯವ್ವಾ, ಮತ್ತ ಸೋರಾಕ ಹತ್ತಿತು ನೋಡು! ಬಕೀಟ ತಾ, ಲಗೂನ ತಾ!"

ಹರಿಶ್ಚಂದ್ರ ಮಗ್ಗನ್ನು ಸದ್ದಾಗದಂತೆ ಕೆಳಗಿಟ್ಟ.

ದಾನಮ್ಮನ ಗಂಡ ಜಟ್ಟೆಪ್ಪ ವಿಜಾಪುರ ಜಿಲ್ಲೆಯ ಇಂಡಿ ಕಡೆಯವನು. ರಬಾಳೆಯ ಕಾರ್ಖಾನೆಯೊಂದಕ್ಕೆ ಮೂಟೆ ಹೊರಲು ಬಂದು ಈಗ ಅಲ್ಲೇ ಕೂಲಿಗಳ ಮೇಲೆ ಮುಕಾದಮನಾಗಿದ್ದ. ಇಡೀ ಆಯುಷ್ಯ ದುಡಿದು ಘಣಸೋಲಿಯ ಈ ಸೊಸೈಟಿಯಲ್ಲಿ ಹರಿಶ್ಚಂದ್ರನ ಮನೆಯ ನೇರ ಕೆಳಗಿನ ಫ್ಲ್ಯಾಟು ಕೊಂಡಿದ್ದ. ಅವನ ಡ್ರೈ ಬಾಲ್ಕನಿಯ ಪಕ್ಕದಲ್ಲೇ ದೇವರ ಜಗಲಿ. ಎರಡು ವರ್ಷದಿಂದ ಅದರ ಮೇಲೆ ಹನಿ ಬೀಳುತ್ತಿತ್ತು. ಮೊದಲು ನಾಲ್ಕು ಸಲ ಮೇಲೆ ಬಂದು ನಯವಾಗಿಯೇ ಹೇಳಿದ. "ಅದು ಹೊರಗಿನ ಗೋಡೆಯ ಪೈಪಿಂದು. ಸೊಸೈಟಿಗೆ ಹೇಳಿ" ಎಂದು ಹರಿಶ್ಚಂದ್ರ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ. ಒಳಗೆ ಬಂದು ನೋಡಲು ಬಿಡಲಿಲ್ಲ. ಬಿಡಬಾರದೆಂದಲ್ಲ, ಬಿಡಬೇಕೆಂದು ಅವನಿಗೆ ತೋರಲೇ ಇಲ್ಲ.

ಮಾರ್ಚಿನ ಸೊಸೈಟಿ ಮೀಟಿಂಗಿನಲ್ಲಿ ಜಟ್ಟೆಪ್ಪನ ಸಹನೆ ತಪ್ಪಿತು.

"ಬ್ಯಾಸಗ್ಯಾಗ ಮಳಿ ಎಲ್ಲಿಂದ ಬರ್ತದರಿ? ನೀರ ನಿಮ್ಮದ. ಸುಳ್ಳ ಯಾಕ ಹೇಳ್ತೀರಿ?"

ನಾಲ್ಕು ಜನರ ಎದುರು ಸುಳ್ಳುಗಾರ ಎನಿಸಿಕೊಂಡ ಹರಿಶ್ಚಂದ್ರನಿಗೆ ಕಿವಿಯವರೆಗೆ ರಕ್ತ ಏರಿತು. ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ಕನ್ನಡದಲ್ಲಿ ಉತ್ತರ ಕೊಡಲಿಲ್ಲ. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದ. ಇವರ ಮನೆಯಲ್ಲಿ ದಿನವಿಡೀ ರೊಟ್ಟಿ ಬಡಿಯುತ್ತಾರೆ, ಊರಿಗೆ ಊರೇ ಬಂದು ಉಂಡು ಮಲಗುತ್ತದೆ, ಅಷ್ಟು ಜನರ ಉಸಿರಿಗೇ ಸ್ಲ್ಯಾಬು ಬೆವರುತ್ತದೆ ಎಂದ. ಜನ ಗೊಳ್ಳೆಂದು ನಕ್ಕರು. ಜಟ್ಟೆಪ್ಪ ಏನೋ ಹೇಳಲು ಹೋಗಿ, ಹಿಂದಿ ಕೂಡಿಬರದೆ, ಕುಳಿತುಬಿಟ್ಟ. ಕೊನೆಗೆ ಮೇ ತಿಂಗಳಲ್ಲಿ ಹೊರಗೋಡೆಯ ಪೈಪುಗಳನ್ನೂ ಬಿರುಕುಗಳನ್ನೂ ದುರಸ್ತಿ ಮಾಡಿಸುವುದೆಂದು ಠರಾವಾಯಿತು.

ಈಗ ಕೆಸರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಹರಿಶ್ಚಂದ್ರನಿಗೆ ಮೊದಲು ನೆನಪಾದದ್ದು ಆ ನಗು.

ವಿನೋದಾ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಮನೆಯಲ್ಲಿ ಅವರದು ತುಳು. ಅದರಲ್ಲೂ ದನಿ ತಗ್ಗಿಸಿಯೇ ಕೇಳಿದಳು. "ಕೆಳಗೆ ಹೋಗಿ ಹೇಳುವುದಿಲ್ವಾ?"

"ಮೊದಲು ರಿಪೇರಿ ಆಗಲಿ. ಆಮೇಲೆ ಹೇಳಿದರಾಯಿತು."

ಸೊಸೈಟಿಯ ಪ್ಲಂಬರನನ್ನು ಕರೆದರೆ ಸುದ್ದಿ ಇಡೀ ಕಟ್ಟಡಕ್ಕೆ ಹರಡುತ್ತದೆ. ಹೋಟೆಲಿನ ಪರಿಚಯದವನೊಬ್ಬನನ್ನು ಡೊಂಬಿವಲಿಯಿಂದ ಕರೆಸಿದ. ಜಟ್ಟೆಪ್ಪ ಡ್ಯೂಟಿಗೆ ಹೋದ ಹೊತ್ತು ನೋಡಿ ಕೆಲಸ ಹಚ್ಚಿದ. ಒಡೆದ ಟೈಲ್ಸಿನ ಚೂರುಗಳನ್ನು ಅಕ್ಕಿ ಚೀಲದಲ್ಲಿ ತುಂಬಿಸಿ ತಾನೇ ಹೊತ್ತು ಕೆಳಗಿಳಿಸಿದ. ವಾಚ್‌ಮನ್ ಕೇಳಿದಾಗ, "ಹಬ್ಬದ ಸಫಾಯಿ" ಎಂದ. ಅದು ಸುಳ್ಳೇನೂ ಆಗಿರಲಿಲ್ಲ. ಆದರೂ ಗೇಟಿನಿಂದ ಮೆಟ್ಟಿಲವರೆಗೆ ಕಳ್ಳನ ಹಾಗೆ ನಡೆದು ಬಂದ.

ಸೋರುವುದು ನಿಂತಿತು. ಹೇಳುವುದು ಮುಂದೆ ಹೋಯಿತು. ನಾಳೆ ಎಂದುಕೊಂಡ, ಬರುವ ಭಾನುವಾರ ಎಂದುಕೊಂಡ. ಅಷ್ಟರಲ್ಲಿ ಮೇ ಬಂತು. ಹೊರಗೆ ಬಿದಿರು ಕಟ್ಟಿ ಸೊಸೈಟಿಯವರು ಪೈಪು ಬದಲಾಯಿಸಿ ಗೋಡೆಗೆ ಸಿಮೆಂಟು ಹಚ್ಚಿಸಿದರು. ಜೂನಿನಲ್ಲಿ ಮಳೆ ಹಿಡಿಯಿತು.

ನಾಗರಪಂಚಮಿಯ ಮರುದಿನ ಬೆಳಿಗ್ಗೆ ಬೆಲ್ಲಾಯಿತು. ಬಾಗಿಲಲ್ಲಿ ಜಟ್ಟೆಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಹಿಂದೆ ಅವನ ಹಿರಿಯ ಮಗ ವಿಠಲ.

"ಅಣ್ಣಾರ, ಶೇಂಗಾ ಉಂಡಿ ಅದಾವ. ಮನ್ಯಾಗ ಮಾಡಿದ್ವು" ಎಂದು ತಾಟನ್ನು ವಿನೋದಾಳ ಕೈಗೆ ಕೊಟ್ಟು ಅವನು ಸೋಫಾದ ಅಂಚಿಗೆ ಕುಳಿತ. "ಒಂದ ಮಾತ ಹೇಳೂದಿತ್ತರಿ. ಮಳಿ ಇಷ್ಟ ಹೊಡದ್ರೂ ಒಂದ ಹನಿ ಬಿದ್ದಿಲ್ಲ. ಹೊರಗಿನ ಪೈಪಿಂದ ಇತ್ತರಿ ಅದು. ನೀವು ಹೇಳಿದ್ದ ಖರೆ ಆತು. ನಾಕ ಮಂದ್ಯಾಗ ನಿಮಗ ಸುಳ್ಳ ಅಂದೆ. ತಪ್ಪಾತರಿ. ಮಗನ ಮುಂದ ಹೇಳಬೇಕಂತ ಕರಕೊಂಡ ಬಂದೀನಿ."

ಅವನು ಎದ್ದು ಕೈಮುಗಿದ.

ಹೇಳಬೇಕಾದ ಹೊತ್ತು ಇದೇ ಎಂದು ಹರಿಶ್ಚಂದ್ರನಿಗೆ ಗೊತ್ತಿತ್ತು. ಬಾಯಿ ತೆರೆದ. ಬಂದ ಮಾತೇ ಬೇರೆ.

"ಇರ್ಲಿ ಬಿಡಿ ಮಾರಾಯ್ರೆ. ಮನುಷ್ಯ ಅಂದ ಮೇಲೆ ಸಿಟ್ಟಲ್ಲಿ ಒಂದು ಮಾತು ಬರ್ತದೆ. ನಾನು ಅದನ್ನೆಲ್ಲ ಮನಸ್ಸಲ್ಲಿ ಇಟ್ಕೊಳ್ಳುದಿಲ್ಲ."

ತನ್ನ ದನಿಯಲ್ಲಿದ್ದ ದೊಡ್ಡಸ್ತಿಕೆ ಅವನ ಕಿವಿಗೇ ಕೇಳಿಸಿತು. ಹೋಟೆಲಿನಲ್ಲಿ ಪ್ಲೇಟು ಒಡೆದ ವೇಟರನನ್ನು ಮನ್ನಿಸುವಾಗ ಬರುವ ದನಿ ಅದು. ಚಹಾ ತರುತ್ತಿದ್ದ ವಿನೋದಾ ಅರ್ಧದಲ್ಲೇ ನಿಂತಳು. ಅವರು ಹೋದ ಮೇಲೆ, "ಮಾಫಿ ಕೊಟ್ಟು ಕಳಿಸಿದಿರಿ ಅಲ್ವಾ?" ಎಂದಷ್ಟೇ ಅಂದಳು. ಉಂಡೆಗಳು ಡಬ್ಬಿಯಲ್ಲಿ ಹಾಗೇ ಉಳಿದವು. ಹರಿಶ್ಚಂದ್ರ ಒಂದನ್ನು ಕೈಗೆತ್ತಿಕೊಂಡ. ಮತ್ತೆ ಡಬ್ಬಿಗೇ ಹಾಕಿದ.

ಅಂದಿನಿಂದ ಜಟ್ಟೆಪ್ಪ ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ, "ಆರಾಮ ಏನರಿ ಅಣ್ಣಾರ?" ಎಂದು ನಿಂತು ಮಾತಾಡಿಸತೊಡಗಿದ. ಹರಿಶ್ಚಂದ್ರ ಹೋಟೆಲಿಗೆ ಹೊರಡುವ ವೇಳೆಯನ್ನು ಹಿಂದುಮುಂದು ಮಾಡಿಕೊಂಡ. ಆದರೂ ಭೆಟ್ಟಿ ತಪ್ಪಲಿಲ್ಲ.

ದಸರೆಗೆ ಮೊದಲು ಕೆಳಗಿನ ಮನೆಯಲ್ಲೂ ಸಾರಣೆ ನಡೆಯಿತು. ಕೌದಿಗಳನ್ನೆಲ್ಲ ಒಗೆದು ಗಚ್ಚಿಯ ಮೇಲೆ ಒಣಹಾಕಿದ್ದರು. ಬೂಷ್ಟು ಹಿಡಿದಿದ್ದ ಸ್ಲ್ಯಾಬನ್ನು ಜಟ್ಟೆಪ್ಪ ತಾನೇ ನಿಚ್ಚಣಿಕೆ ಹತ್ತಿ ಕೆರೆದು ಬಿಳಿ ಬಣ್ಣ ಬಳಿದ. ಹಾಲ್‌ನ ಮೂಲೆಗೆ ಸರಿಸಿದ್ದ ದೇವರನ್ನು ಮತ್ತೆ ಜಗಲಿಗೆ ತರುವ ದಿನ ಮೇಲಿನ ಮನೆಯವರನ್ನು ಊಟಕ್ಕೆ ಕರೆದ. ತಪ್ಪಿಸಿಕೊಳ್ಳಲು ಹರಿಶ್ಚಂದ್ರ ಹೋಟೆಲಿನ ನೆಪ ಹುಡುಕುತ್ತಿದ್ದಾಗ ವಿನೋದಾ, "ನಾನು ಹೋಗ್ತೇನೆ. ನಿಮ್ಮ ಬಗ್ಗೆ ಕೇಳಿದರೆ ಎಂತ ಹೇಳಲಿ?" ಎಂದಳು. ಹೋಗಲೇಬೇಕಾಯಿತು.

ಶಹಾಡ್‌ನಿಂದ ಬಂದಿದ್ದ ನೆಂಟರಿಗೆ ಜಟ್ಟೆಪ್ಪ ಅವನನ್ನು ತೋಳು ಹಿಡಿದು ತೋರಿಸಿದ. "ಇವರಿಗಿ ನಾ ಭಾಳ ಅಂದಿದ್ದೆ. ತಿರುಗಿ ಒಂದ ಮಾತ ಅನಲಿಲ್ಲ. ದೊಡ್ಡ ಮನಶ್ಯಾರು."

ಹಿಂದಿಯಲ್ಲಿ ತಾನು ಆಡಿದ ಮಾತನ್ನು ಈ ಮನುಷ್ಯ ಮರೆತೇಬಿಟ್ಟಿದ್ದಾನೆಯೇ, ಇಲ್ಲ, ಸ್ನೇಹಕ್ಕಾಗಿ ಅಳಿಸಿ ಹಾಕಿದ್ದಾನೆಯೇ? ಹರಿಶ್ಚಂದ್ರನಿಗೆ ತಿಳಿಯಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಕೈ ತೊಳೆಯುವ ನೆಪದಲ್ಲಿ ಅರ್ಧಕ್ಕೇ ಎದ್ದು ಡ್ರೈ ಬಾಲ್ಕನಿಗೆ ಬಂದ. ಅಲ್ಲಿ ದಾನಮ್ಮ ಪಾತ್ರೆ ಜೋಡಿಸುತ್ತಿದ್ದಳು. ತಲೆಯ ಮೇಲೆ ಹೊಸ ಬಣ್ಣದ ಸ್ಲ್ಯಾಬು.

"ಅಕ್ಕಾ," ಎಂದ. ಅವಳು ಅವನಿಗಿಂತ ಚಿಕ್ಕವಳು. "ನೀರು ನಮ್ಮದೇ. ಮೆಷೀನಿನ ಅಡಿಯ ನೆಲ ಒಡೆದಿತ್ತು. ಬಿಸುವಿನ ಹೊತ್ತಿಗೇ ಗೊತ್ತಾಗಿತ್ತು. ಅವರಿಗೆ ಈಗಲೇ ಹೇಳ್ತೇನೆ."

ದಾನಮ್ಮ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. ಆಶ್ಚರ್ಯವೇನೂ ಅವಳ ಮುಖದಲ್ಲಿರಲಿಲ್ಲ.

"ನನಗ ಗೊತ್ತೈತ್ರಿ ಅಣ್ಣಾರ. ದಿನಾ ಮನ್ಯಾಗ ಇರಾಕಿ ನಾನು. ಮ್ಯಾಲ ಛಾಣ ಹಚ್ಚಿ ನೆಲ ಒಡಿಯೂ ಸಪ್ಪಳ ಕೇಳ್ತು. ಮರದಿನಾನ ಹನಿ ನಿಂತವು, ಡ್ಯೂಟಿಗಿ ಹೋಗಾವ್ರಿಗಿ ಅದು ಲಕ್ಷ್ಯಕ್ಕ ಬರ್ಲಿಲ್ಲ. ಗ್ವಾಡಿ ಕೆಲಸ ಆಗಿದ್ದು ತಿಂಗಳ ಮ್ಯಾಲ."

"ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ?"

"ನೀವ ಬಂದು ಹೇಳ್ತೀರಂತ ದಾರಿ ನೋಡಿದೆ." ಅವಳು ಹಾಲ್‌ನ ಕಡೆಗೊಮ್ಮೆ ನೋಡಿ ದನಿ ಇಳಿಸಿದಳು. "ಅವರು ಉಂಡಿ ತಗೊಂಡ ಹೊಂಟಾಗರೆ ನಾ ತಡೀಬೇಕಿತ್ತು. ಅವಸರದಾಗ ಹೋಗೇಬಿಟ್ರು. ಈಗ ಬ್ಯಾಡ್ರಿ. ಮಗನ್ನ ಮುಂದ ನಿಂದ್ರಿಸಿಕೊಂಡು ನಿಮಗ ಕೈ ಮುಗದಾರ. ಖರೆ ಗೊತ್ತಾದ್ರ ಆ ಹುಡುಗನ ಮಾರಿ ಹ್ಯಾಂಗ ನೋಡ್ಯಾರು? ನಿಮಗ ಹಗುರ ಆಗಬೋದು. ಅವರು ಸಣ್ಣ ಆಗ್ತಾರ."

ಅವನು ಕೈ ತೊಳೆಯಲು ಬಿಟ್ಟಿದ್ದ ನಲ್ಲಿಯನ್ನು ಅವಳೇ ನಿಲ್ಲಿಸಿದಳು.

"ಹೋಗಿ ಊಟ ಮುಗಸ್ರಿ. ಅರ್ಧಕ್ಕ ಎದ್ರಿ ಅಂದ್ರ ಅವರು ಮನಸಿಗಿ ಹಚ್ಚಿಕೋತಾರ."

ಹರಿಶ್ಚಂದ್ರ ಮರಳಿ ಬಂದು ಎಲೆಯ ಮುಂದೆ ಕುಳಿತ. ಜಟ್ಟೆಪ್ಪ ಇನ್ನೊಂದು ಹೋಳಿಗೆ ಹಾಕಿಸಿದ. ಬೇಡವೆನ್ನದೆ, ತಲೆ ಎತ್ತದೆ, ಅದನ್ನೂ ಉಂಡ.

ಮೇಲೆ ಬರುವಾಗ ಮೆಟ್ಟಿಲಲ್ಲಿ ವಿನೋದಾ ಕೇಳಿದಳು. "ಹೇಳಿದಿರಾ?"

"ಅವರ ಹೆಂಡತಿಗೆ ಹೇಳಿದೆ."

"ಎಂತ ಅಂದಳು?"

ಹರಿಶ್ಚಂದ್ರ ಕಿಸೆಯಲ್ಲಿ ಕೀಲಿಕೈ ಹುಡುಕಿದ. ಸಿಕ್ಕಿದರೂ ಕೂಡಲೇ ಹೊರಗೆ ತೆಗೆಯಲಿಲ್ಲ.

"ಇನ್ನು ಹೇಳುವ ಹಾಗಿಲ್ಲವಂತೆ" ಎಂದ.